ಅರ್ಧ ಬೆರಳು ಜಾಗ

ಆ ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಎರಡೇ ಮೇಜು ಹಿಡಿಸುವಷ್ಟು ಅಗಲದ ಒಂದು ಪ್ರವಾಸದ ಆಫೀಸಿದೆ. ಮುಂದಿನ ಮೇಜು ಯಜಮಾನರದು. ಸಮುದ್ರ ತೀರ, ಹಡಗಿನ ಪ್ರಯಾಣ, ಹೊಸದಾಗಿ ಮದುವೆಯಾದವರು, ಇವೆಲ್ಲ ಅವರ ಪಾಲು. ಹಿಂದಿನ ಮೇಜು ಹಿಮದಕ್ಕನದು. ಐದು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ನಡುಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಸ್ಕೀ ಆಡಲು ಹೋಗಬೇಕೆಂಬ ಹುಚ್ಚು ಹತ್ತಿದವರೆಲ್ಲ ಆ ಮೇಜಿಗೇ ಬರಬೇಕು. ಹುಚ್ಚು ಅಂದದ್ದು ನಾನಲ್ಲ, ಅವಳೇ. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದವಳಿಗೆ ಹಾಗನ್ನುವ ಹಕ್ಕಿದೆ.

"ಚಿಕ್ಕದಕ್ಕೆ ಎಷ್ಟು ತಿಂಗಳು?" ಇದು ಅವಳ ಮೊದಲ ಪ್ರಶ್ನೆ. ನಮಸ್ಕಾರ ಗಿಮಸ್ಕಾರ ಎಲ್ಲ ಆಮೇಲೆ. ಬಂದ ಅಪ್ಪ ಅನ್ನಿಸಿಕೊಂಡವನು ಯಾವುದೋ ಎತ್ತರದ ಶಿಖರದ ಚಿತ್ರವನ್ನು ಆಸೆಯಿಂದ ಮೇಜಿನ ಮೇಲಿಟ್ಟರೆ, ಅವಳು ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು. "ಇದು ನಿಮಗೆ ಚೆನ್ನಾಗಿದೆ. ಮಗು ಏನು ಮಾಡ್ಬೇಕು? ಕೆಳಗೆ ಕೂತ್ಕೊಂಡು ನಿಮ್ಮ ದಾರಿ ಕಾಯ್ಬೇಕಾ?" ಅಷ್ಟು ಎತ್ತರದಲ್ಲಿ ಎಳೆಮಕ್ಕಳು ಮೊದಲ ಮೂರು ರಾತ್ರಿ ಕಣ್ಣು ಮುಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತು. ಮಧ್ಯಾಹ್ನ ನಿದ್ದೆ ಮಾಡುವ ಮಗುವೋ ಅಲ್ಲವೋ, ಕಾರಿನಲ್ಲಿ ವಾಂತಿ ಮಾಡುತ್ತದೋ, ಹೊಸಬರ ಕೈಗೆ ಹೋಗುತ್ತದೋ, ಡೈಪರ್ ಬಿಟ್ಟಿದೆಯೋ ಇಲ್ಲವೋ, ಒಂದೊಂದನ್ನೂ ಕೆದಕಿ ಕೇಳುತ್ತಿದ್ದಳು. ಉಳಿಯುವ ಮನೆಯ ಬಾಗಿಲಿನಿಂದ ಅಲ್ಲಿನ ಶಿಶುವಿಹಾರದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಆ ಮನೆಯವರಿಗೆ ಫೋನು ಮಾಡಿ ವಿಚಾರಿಸುತ್ತಿದ್ದಳು. "ಹತ್ತಿರಾನೇ ಇದೆ" ಅಂದರೆ ಬಿಡುವ ಪೈಕಿಯಲ್ಲ. "ಫೋನು ಹಿಡ್ಕೊಂಡೇ ನಡೀರಿ, ಗಟ್ಟಿಯಾಗಿ ಎಣಿಸಿ, ನಾನು ಕೇಳ್ತಿರ್ತೀನಿ" ಅನ್ನುತ್ತಿದ್ದಳು. ಪಾಪ, ಅಷ್ಟು ದೂರದ ಬೆಟ್ಟದಲ್ಲಿ ಯಾರೋ ಒಬ್ಬ ಮ್ಯಾನೇಜರು ಹಿಮದಲ್ಲಿ ಕಾಲೆಳೆಯುತ್ತ ಒಂದು, ಎರಡು ಎಂದು ಎಣಿಸಿಕೊಂಡು ಹೋಗುತ್ತಿದ್ದ.

ಅವಳದು ಎರಡು ಕಟ್ಟುನಿಟ್ಟು. ಮೊದಲನೆಯದು, ಜೊತೆಗೊಂದು ಹಿರಿಯ ಕೈ ಇರಬೇಕು. ಮೂರು ವರ್ಷದೊಳಗಿನ ಮಗುವಿದ್ದರೆ ಅಜ್ಜಿಯೋ ದೊಡ್ಡಮ್ಮನೋ ಯಾರಾದರೂ ಬರಲೇಬೇಕು. ಇಲ್ಲದಿದ್ದರೆ ಗಂಡ ಬೆಟ್ಟದ ಮೇಲೆ, ಹೆಂಡತಿ ರೂಮಿನಲ್ಲಿ, ವಾಪಸು ಬರುವಾಗ ಇಬ್ಬರ ಮುಖವೂ ಊದಿರುತ್ತದೆ. ಎರಡನೆಯದು ಅರ್ಧ ಬೆರಳು. ಸ್ಕೀ ಬೂಟುಗಳನ್ನು ಎಲೆ ಉದುರುವ ಕಾಲದಲ್ಲೇ ಕಾದಿರಿಸಬೇಕು, ತೀರಾ ಚಿಕ್ಕ ಅಳತೆಯವು ಬೇಗ ಖಾಲಿಯಾಗುತ್ತವೆ. ಹೋಗುವುದು ನಾಲ್ಕು ತಿಂಗಳ ಮೇಲೆ. ಆದ್ದರಿಂದ ಮಕ್ಕಳನ್ನು ಆಫೀಸಿಗೇ ಕರೆಸಿ, ಮುಚ್ಚಿಹೋದ ಯಾವುದೋ ಚಪ್ಪಲಿ ಅಂಗಡಿಯಿಂದ ತಂದ ಮರದ ಅಳತೆ ಹಲಗೆಯ ಮೇಲೆ ನಿಲ್ಲಿಸಿ, ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಜಾಗ ಬಿಟ್ಟು ಬರೆದುಕೊಳ್ಳುತ್ತಿದ್ದಳು. ಪ್ರತಿ ಮಗುವಿಗೂ ಒಂದು ಕಾರ್ಡು. "ಇವತ್ತಿನ ಮಗುವಿಗೆ ಬುಕ್ ಮಾಡ್ಬೇಡಿ. ಚಳಿಗಾಲದಲ್ಲಿ ಹೋಗೋ ಮಗು ಬೇರೆ" ಅನ್ನುವುದು ಅವಳ ಮಾತು. ಯಜಮಾನರು ಅದನ್ನು ಅಣಕಿಸಿ, ಕ್ಷೌರಕ್ಕೆ ಹೋಗುವಾಗಲೂ, "ಹಿಮದಕ್ಕಾ, ಅರ್ಧ ಬೆರಳು ಬಿಟ್ಟು ಕತ್ತರಿಸು ಅನ್ಲಾ?" ಎಂದು ಕೇಳಿ ಹೋಗುತ್ತಿದ್ದರು.

ಇಷ್ಟೆಲ್ಲ ಹೇಳುವ ಹಿಮದಕ್ಕ ಹಿಮದ ಮೇಲೆ ಕಾಲಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಗಂಡ ಬೇರೆ ಸಂಸಾರ ಹೂಡಿಕೊಂಡು ಹೋದ ಮೊದಲ ವರ್ಷ ಅದು. ಮಗಳಿಗೆ ನಾಲ್ಕು ವರ್ಷ. ಕೆಲಸಕ್ಕೆ ಹೊಸಬಳು, ಆಫೀಸಿನ ಲೆಕ್ಕದಲ್ಲಿ ಒಂದು ವಾರ ಸಿಕ್ಕಿತ್ತು. ಮಗಳ ಕಾಲಿನ ಅಳತೆಯನ್ನು ಎಲೆ ಉದುರುವ ಕಾಲದಲ್ಲಿ ತೆಗೆದು ಹಾಗೇ ಬರೆದು ಕಳಿಸಿದ್ದಳು. ಅಲ್ಲಿ ಹೋದರೆ ಬೂಟು ಬಿಗಿ, ಬದಲಿಸಲು ಬೇರೆ ಇಲ್ಲ. "ಅಮ್ಮಾ, ಬೂಟು ಕಚ್ತಿದೆ" ಎಂದು ಮಗಳು ಬೆಳಗಿನಿಂದ ಹೇಳುತ್ತಲೇ ಇದ್ದಳು. ಇವಳು ರಚ್ಚೆ ಹಿಡಿದಿದ್ದಾಳೆ ಅಂದುಕೊಂಡು ಗದರಿದಳು. ಸಂಜೆ ಬೂಟು ಬಿಚ್ಚಿದಾಗ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಆ ಉಗುರು ಉದುರಿ ಹೊಸದು ಬರುವವರೆಗೂ ತಾಯಿ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ. ಅರ್ಧ ಬೆರಳಿನ ಕಟ್ಟುನಿಟ್ಟು ಹುಟ್ಟಿದ್ದು ಅಲ್ಲಿ.

ಆ ಮಗಳು ಬೆಳೆದಳು, ಮದುವೆಯಾದಳು, ಎರಡು ಮಕ್ಕಳನ್ನು ಹೆತ್ತಳು. ಎರಡನೆಯದಕ್ಕೆ ಐದು ತಿಂಗಳಿರುವಾಗ ತಲೆನೋವು ಅಂದಳು, ಮಲಗಿದಳು, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಇಲ್ಲವಾದಳು. ಇದಕ್ಕಿಂತ ಹೆಚ್ಚು ಹೇಳಲು ಹಿಮದಕ್ಕನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ.

ಎರಡೂವರೆ ವರ್ಷದ ಹುಡುಗಿ, ಹಾಲು ಬಿಡದ ಕೂಸು, ಎರಡೂ ಅಜ್ಜಿಯ ಮನೆಗೆ ಬಂದವು. ಹತ್ತು ತಿಂಗಳು ಅವಳು ಅರ್ಧ ದಿನದ ರಜೆ, ಪೂರ್ತಿ ದಿನದ ರಜೆ, ಸಂಬಳವಿಲ್ಲದ ರಜೆ ಎಲ್ಲ ಹಾಕಿ ಎರಡನ್ನೂ ಸಾಕಿದಳು. ಅಳಲು ಪುರುಸೊತ್ತಿರಲಿಲ್ಲ, ಅದೊಂದು ಪುಣ್ಯ. ದೊಡ್ಡವಳು ಅಜ್ಜಿಯ ಕಿವಿಯ ತುದಿ ಹಿಡಿದರೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಚಿಕ್ಕವನಿಗೆ ನೀಲಿ ಮುಚ್ಚಳದ ಬಾಟಲಿಯೇ ಆಗಬೇಕು, ಅದೂ ಬೆಚ್ಚಗಿರಬೇಕು. ಆಮೇಲೆ ಅಳಿಯನಿಗೆ ನಾಲ್ಕು ಗಂಟೆ ದಾರಿಯ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಮಕ್ಕಳನ್ನು ಕರೆದುಕೊಂಡು ಹೋದ. ಅಪ್ಪನ ಮಕ್ಕಳು, ಬೇಡ ಅನ್ನಲು ಇವಳು ಯಾರು?

ಮೊದಲ ತಿಂಗಳು ಎರಡು ಸಲ ಹೋಗಿಬಂದಳು. ಅಳಿಯ ಕೆಟ್ಟವನಲ್ಲ, ಅದನ್ನು ಹೇಳಿಬಿಡಬೇಕು. ಎರಡನೆಯ ಸಲ ಮಕ್ಕಳನ್ನೂ ಕರೆದುಕೊಂಡು ಬಸ್ಸು ಹತ್ತಿಸಲು ಬಂದವನು ಕಣ್ಣು ತಪ್ಪಿಸಿ ಹೇಳಿದ: "ಅತ್ತೆ, ನೀವು ಬಂದು ಹೋದ ಮೇಲೆ ಒಂದು ವಾರ ಅಳ್ತಾಳೆ. ಊಟ ಬಿಡ್ತಾಳೆ. ಸ್ವಲ್ಪ ದಿನ... ಅವರಿಗೆ ಹೊಂದಿಕೆ ಆಗ್ಲಿ." ಮಗುವಿನ ಊಟದ ಮಾತು ಬಂದ ಮೇಲೆ ಅವಳು ಏನು ಹೇಳುತ್ತಾಳೆ? ಹೂಂ ಅಂದಳು. ದನಿ ಕೇಳಿದರೂ ಅತ್ತಾಳೆಂದು ಫೋನಿನಲ್ಲೂ ಮಕ್ಕಳನ್ನು ಮಾತಾಡಿಸಲಿಲ್ಲ. ಆ ಸ್ವಲ್ಪ ದಿನ ಹದಿನಾಲ್ಕು ತಿಂಗಳಾಯಿತು. ನಡುವೆ ಅವನು ಮತ್ತೆ ಮದುವೆಯಾದ. ಫೋನಿನಲ್ಲಿ ತಿಳಿಸಿದಾಗ, "ಒಳ್ಳೇದಾಯ್ತಪ್ಪಾ, ಮಕ್ಕಳಿಗೂ ಒಂದು ಆಸರೆ" ಅಂದು ಫೋನಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೂತಳು.

ಹಾಗಿರುವಾಗ ಈ ಸಲ ಎಲೆ ಉದುರುವ ಕಾಲದಲ್ಲಿ ಅಳಿಯನ ಫೋನು ಬಂತು, ಮನೆಗಲ್ಲ, ಆಫೀಸಿಗೆ.

"ಅತ್ತೆ, ಚಳಿಗಾಲದ ರಜೆಗೆ ಮಕ್ಕಳನ್ನ ಹಿಮಕ್ಕೆ ಕರ್ಕೊಂಡು ಹೋಗೋಣ ಅಂತ. ಇಷ್ಟು ಚಿಕ್ಕವರನ್ನ ಕಟ್ಕೊಂಡು ಎಲ್ಲಿಗೆ ಹೋಗೋದು, ನಂಗಂತೂ ತಲೆಬುಡ ಗೊತ್ತಾಗ್ತಿಲ್ಲ. ನೀವೇ ಆರಿಸಿಕೊಡಿ."

ಹಿಮದಕ್ಕನ ಬಾಯಿ ಇಪ್ಪತ್ತೊಂಬತ್ತು ವರ್ಷದ ಪಾಠ ಒಪ್ಪಿಸಿತು. "ಒಂದು ಹಿರಿಯ ಕೈ ಜೊತೆಗಿರ್ಲೇಬೇಕು ಕಣಪ್ಪಾ. ಇಲ್ದಿದ್ರೆ ನಿಮ್ಮಿಬ್ಬರಲ್ಲಿ ಒಬ್ರು ವಾರವಿಡೀ ರೂಮಿನಲ್ಲೇ."

"ಅದು ಸರಿ ಅತ್ತೆ. ಹಾಗೇ ಮಾಡೋಣ."

"ಮಕ್ಕಳ ಕಾಲು ಅಳೀಬೇಕು. ಆಫೀಸಿಗೆ ಕರ್ಕೊಂಡು ಬಾ. ಅಳತೆ ಇಲ್ಲದೆ ನಾನು ಬೂಟು ಬರಿಯೋಳಲ್ಲ, ನಿಂಗೆ ಗೊತ್ತಲ್ಲ."

"ನೋಡೋಣ ಅತ್ತೆ. ಶನಿವಾರ ಆಗುತ್ತೇನೋ."

ನಾನೇ ಬರುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆ ಹಿರಿಯ ಕೈ ಬೇರೆ ಯಾರದಾದರೂ ಇರಬಹುದೆಂದು ಅವಳ ತಲೆಗೆ ಹೊಳೆಯಲೂ ಇಲ್ಲ.

ಆ ವಾರ ಹಿಮದಕ್ಕನ ಕಾಲು ನೆಲದ ಮೇಲಿರಲಿಲ್ಲ. ಹನ್ನೊಂದು ಊರುಗಳನ್ನು ನೋಡಿ ಹತ್ತನ್ನು ಬಿಟ್ಟಳು. ಒಂದು ತೀರಾ ಎತ್ತರ. ಇನ್ನೊಂದರ ಶಿಶುವಿಹಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ಮತ್ತೊಂದಕ್ಕೆ ಸುತ್ತುಬಳಸಿನ ಘಾಟಿ ರಸ್ತೆ, ದೊಡ್ಡವಳಿಗೆ ಕಾರಿನಲ್ಲಿ ವಾಂತಿ. ಕೊನೆಗೆ ಸಿಕ್ಕಿತು: ರೈಲು ಬಾಗಿಲವರೆಗೂ ಹೋಗುವ ಸಣ್ಣ ಊರು, ಮನೆಯಿಂದ ಶಿಶುವಿಹಾರಕ್ಕೆ ಇಪ್ಪತ್ತೆರಡು ಹೆಜ್ಜೆ, ಅದರ ಹಿಂದೆಯೇ ಎಳೆಮಕ್ಕಳು ಜಾರಲು ಅಂಗಳದಷ್ಟು ಅಗಲದ ಮೆತ್ತನೆ ಇಳಿಜಾರು. ಮಕ್ಕಳ ಕೋಣೆಗೆ ಹೊಂದಿಕೊಂಡು ಒಂಟಿ ಹಾಸಿಗೆಯ ಪುಟ್ಟ ಕೋಣೆಯೊಂದಿತ್ತು. ಫಾರಂ ಬಿಡಿಸಿ ಮೇಜಿನ ಮೇಲೆ ಹರವಿದಳು. ಸರಳಿನ ಕಟಕಟೆ ಇರುವ ಮಗುವಿನ ಮಂಚ ಬೇಕು. ಬಾಟಲಿ ಬಿಸಿ ಮಾಡುವ ಸಾಧನ ಬೇಕು. ರೈಲಿನಲ್ಲಿ ಮುಂದಕ್ಕೆ ಮುಖ ಮಾಡಿದ ಸೀಟು ಬೇಕು. ಬೂಟಿನ ಸಾಲಿಗೆ ಬಂದಾಗ ಅಭ್ಯಾಸದ ಕೈ ತಾನಾಗಿಯೇ ಡ್ರಾಯರಿಗೆ ಹೋಗಿ, ಮಕ್ಕಳು ತನ್ನ ಮನೆಯಲ್ಲಿದ್ದಾಗ ಅಳೆದಿಟ್ಟಿದ್ದ ಎರಡೂ ಕಾರ್ಡು ತೆಗೆಯಿತು. ಸದ್ಯಕ್ಕೆ ಬರೆದಿಡೋಣ, ಶನಿವಾರ ಅಳೆದು ತಿದ್ದೋಣ ಎಂದು ಕಾರ್ಡಿನಲ್ಲಿದ್ದ ಅಳತೆಗೆ ಅರ್ಧ ಬೆರಳು ಸೇರಿಸಿ ಬರೆದಳು. ಕೊನೆಯಲ್ಲಿ ಐದನೆಯ ಹಾಸಿಗೆ. ಅಲ್ಲಿ ತನ್ನ ಹೆಸರು ಬರೆದು, ಮಕ್ಕಳಿಗೆ ಏನಾಗಬೇಕು ಎಂಬ ಕಾಲಮ್ಮಿನಲ್ಲಿ ದುಂಡಗೆ ಅಜ್ಜಿ ಎಂದು ಬರೆದಳು. ಒಂದು ಪ್ರತಿಯನ್ನು ಅಳಿಯನಿಗೆ ಕಳಿಸಿದಳು. ಸಂಜೆ ಹೋಗಿ ತನಗೊಂದು ಜೊತೆ ಉಣ್ಣೆ ಒಳಪದರದ ಹಿಮದ ಬೂಟು ಕೊಂಡು, ಯಜಮಾನರ ತಮಾಷೆಗೆ ಸಿಗಬಾರದೆಂದು ಡಬ್ಬಿ ಸಮೇತ ಮೇಜಿನ ಕೆಳಗೆ ಇಟ್ಟಳು. ಆದರೂ ಮರುದಿನ ತಾನೇ ತೆಗೆದು ಅವರಿಗೆ ತೋರಿಸಿದಳು.

"ಕರಡಿ ಕಾಲು ಇದ್ದಂಗಿದೆ," ಅಂದರು ಯಜಮಾನರು.

"ಇರ್ಲಿ. ಕರಡಿಗೆ ಚಳಿ ಆಗಲ್ಲ."

ಶನಿವಾರ ಅಳತೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಿಕ್ಕವನಿಗೆ ಎಟುಕುವಂತೆ ಎರಡು ಆಟಿಕೆ ಕಾರುಗಳನ್ನು ಮೇಜಿನ ಅಂಚಿನಲ್ಲಿಟ್ಟು, ಬಾಗಿಲಲ್ಲೇ ಕಣ್ಣು ನೆಟ್ಟು ಕೂತಳು. ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಮಕ್ಕಳಿರಲಿಲ್ಲ. ಮೂವತ್ತೆರಡು ಮೂವತ್ತಮೂರು ವಯಸ್ಸಿನ ಒಬ್ಬ ಹೆಂಗಸು, ಕೈಯಲ್ಲಿ ದೊಡ್ಡ ಕವರು ಹಿಡಿದುಕೊಂಡು ನಿಂತಿದ್ದಳು. ಫೋಟೊದಲ್ಲಿ ನೋಡಿದ್ದ ಮುಖ. ಅಳಿಯನ ಹೊಸ ಹೆಂಡತಿ.

"ನಾನು..." ಅಂದು ನಿಂತಳು. ಅವಳಿಗೆ ಹಿಮದಕ್ಕನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ನಮ್ಮ ಮಾತಿನಲ್ಲಿ ಷಡ್ಡಕನಿಗೆ, ವಾರಗಿತ್ತಿಗೆ, ಬೀಗರಿಗೆ, ಎಲ್ಲರಿಗೂ ಒಂದೊಂದು ಹೆಸರಿದೆ. ಗಂಡನ ಮೊದಲ ಹೆಂಡತಿಯ ತಾಯಿಗೆ ಮಾತ್ರ ಇಲ್ಲ.

"ಗೊತ್ತಾಯ್ತು, ಕೂತ್ಕೊಳಮ್ಮಾ," ಅಂದಳು ಹಿಮದಕ್ಕ. ಕಣ್ಣು ಇನ್ನೂ ಅವಳ ಬೆನ್ನ ಹಿಂದೆ ಬಾಗಿಲ ಕಡೆಗೇ ಇತ್ತು. "ಮಕ್ಕಳು?"

"ಮನೇಲಿದಾರೆ. ಇವರು ಫೋನಿನಲ್ಲೇ ಹೇಳ್ತೀನಿ ಅಂದ್ರು. ಫೋನಿನಲ್ಲಿ ಹೇಳೋ ಮಾತಲ್ಲ, ನಾನೇ ಹೋಗಿಬರ್ತೀನಿ ಅಂದೆ." ಅವಳು ಫಾರಮಿನ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟು, ಐದನೆಯ ಹಾಸಿಗೆಯ ಸಾಲಿನ ಪಕ್ಕದಲ್ಲಿ ಬೆರಳಿಟ್ಟಳು, ಸಾಲಿನ ಮೇಲಲ್ಲ. "ಹಿರಿಯರೊಬ್ರು ಜೊತೆಗಿರ್ಬೇಕು ಅಂತ ನೀವು ಹೇಳಿದ್ರಂತಲ್ಲ. ನಾವು... ನಮ್ಮಮ್ಮನ್ನ ಕೇಳಿದ್ವಿ. ಅವರೇ ದಿನಾ ಮಕ್ಕಳನ್ನ ನೋಡ್ಕೊಳ್ಳೋದು. ಒಪ್ಪಿದಾರೆ. ಆಮೇಲೆ ನಿಮ್ಮ ಫಾರಂ ಬಂತು. ಇವರು ಎರಡು ದಿನ ಸರಿಯಾಗಿ ಮಾತೇ ಆಡ್ಲಿಲ್ಲ."

ಹಿಮದಕ್ಕನ ಕಾಲು ತಾನಾಗಿಯೇ ಮೇಜಿನ ಕೆಳಗಿನ ಡಬ್ಬಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿತು. ಸದ್ದಾಯಿತು. ಬಂದವಳು ಬಗ್ಗಿ ನೋಡಿದಳು, ಡಬ್ಬಿಯ ಮೇಲಿದ್ದ ಚಿತ್ರವನ್ನೂ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಇನ್ನೊಂದು ಕೋಣೆ ಸಿಗುತ್ತಾ?" ಅಂದಳು ಅವಸರದಲ್ಲಿ. "ನೀವೂ ಬನ್ನಿ. ನಾನು ಅಮ್ಮನಿಗೆ ಹೇಳ್ತೀನಿ."

ಆ ಮಾತು ಮನಸ್ಸಿನಿಂದಲೇ ಬಂದಿತ್ತು, ಅದೇ ಕಷ್ಟ. ಜಗಳಗಂಟಿಯಾಗಿದ್ದರೆ ಹಿಮದಕ್ಕನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದಳು. "ಬೇಡಮ್ಮಾ. ಇಬ್ರು ಹಿರೀಕರಿದ್ರೆ ಮಕ್ಕಳು ಯಾರ ಮಾತೂ ಕೇಳಲ್ಲ," ಅಂದು ಪೆನ್ನು ಎತ್ತಿಕೊಂಡಳು. "ನಿಮ್ಮಮ್ಮನಿಗೆ ಕೆಲವು ಹೇಳ್ಬೇಕು. ಬರ್ಕೋ. ದೊಡ್ಡವಳಿಗೆ ಕಾರಿನಲ್ಲಿ ವಾಂತಿ ಆಗುತ್ತೆ."

"ಈಗ ಆಗಲ್ಲ," ಅಂದಳು ಅವಳು ಮೆಲ್ಲಗೆ. "ಮೊನ್ನೆ ಬೆಟ್ಟದ ದಾರೀಲಿ ಆರು ಗಂಟೆ ಹೋದ್ವಿ. ಹಾಡ್ಕೊಂಡೇ ಇದ್ಲು."

"ಓ. ಚಿಕ್ಕವನ ಬಾಟಲಿ ಬೆಚ್ಚಗಿರ್ಬೇಕು, ನೀಲಿ ಮುಚ್ಚಳದ್ದು."

"ಬಾಟಲಿ ಬಿಟ್ಟು ಆರು ತಿಂಗಳಾಯ್ತು. ಲೋಟದಲ್ಲೇ ಕುಡೀತಾನೆ. ಈ ಸರಳಿನ ಮಂಚಾನೂ ಬೇಡ, ದೊಡ್ಡ ಮಂಚದಲ್ಲೇ ಮಲಗ್ತಾನೆ. ಡೈಪರ್ ಸಹ..."

ಹಿಮದಕ್ಕ ಒಂದೊಂದನ್ನೇ ಫಾರಮಿನಲ್ಲಿ ಹೊಡೆದುಹಾಕಿದಳು. ವಯಸ್ಸಿನ ಕಾಲಮ್ಮಿನಲ್ಲಿ ನಾಲ್ಕೂವರೆ, ಎರಡೂವರೆ ಎಂದು ತಾನೇ ಸರಿಯಾಗಿ ಬರೆದಿದ್ದಳು. ಮಿಕ್ಕಿದ್ದನ್ನೆಲ್ಲ ಹದಿನಾಲ್ಕು ತಿಂಗಳ ಹಿಂದೆ ಬಸ್ಸಿನ ಕಿಟಕಿಯಿಂದ ನೋಡಿದ ಮಕ್ಕಳಿಗೆ ಬರೆದಿದ್ದಳು. ಊರಿನ ಅಪ್ಪಂದಿರಿಗೆಲ್ಲ ಬುದ್ಧಿ ಹೇಳಿದವಳು ತನ್ನ ಮೊಮ್ಮಕ್ಕಳಿಗೆ ಮನಸ್ಸಿನಲ್ಲಿ ಅರ್ಧ ಬೆರಳು ಜಾಗವನ್ನೂ ಬಿಟ್ಟಿರಲಿಲ್ಲ.

"ಅವಳು ಕಿವಿ ಹಿಡ್ಕೊಂಡು ಮಲಗ್ತಾಳೆ," ಅಂದಳು ಕೊನೆಗೆ.

"ಯಾವ ಕಿವಿ?"

"ಏನಿಲ್ಲಮ್ಮಾ, ಬಿಡು."

ಬಂದವಳಿಗೆ ಏನಾದರೂ ಕೊಡಬೇಕು ಅನ್ನಿಸಿರಬೇಕು. ಕವರಿನಿಂದ ಎರಡು ಹಾಳೆ ತೆಗೆದಳು. "ಅಳತೆ ಇಲ್ಲದೆ ಬೂಟು ಬರಿಯಲ್ಲ ಅಂದಿದ್ರಂತಲ್ಲ. ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದೆ." ಎರಡು ಜೊತೆ ಪಾದ. ಚಿಕ್ಕವನದು ನೀಟಾಗಿತ್ತು. ದೊಡ್ಡವಳದು ಕಿರುಬೆರಳಿನ ಹತ್ತಿರ ಗೆರೆ ಎತ್ತೆತ್ತಲೋ ಓಡಿತ್ತು. "ಅಲ್ಲಿ ಮುಟ್ಟಿದ್ರೆ ಕಚಗುಳಿ ಅಂತ ನಗ್ತಾಳೆ, ನಿಲ್ಲೋದೇ ಇಲ್ಲ."

ಅವಳ ಅಮ್ಮನಿಗೂ ಅಲ್ಲೇ ಕಚಗುಳಿ. ಹಿಮದಕ್ಕ ಅದನ್ನು ಹೇಳಲಿಲ್ಲ. ಹಾಳೆಯನ್ನು ಹಲಗೆಯ ಮೇಲಿಟ್ಟು, ಮರದ ತುಂಡನ್ನು ಹೆಬ್ಬೆರಳ ಗೆರೆಯವರೆಗೆ ಸರಿಸಿದಳು. ಹದಿನೇಳೂವರೆ ಸೆಂಟಿಮೀಟರ್. ಕಾರ್ಡಿನಲ್ಲಿದ್ದದ್ದು ಹದಿನೈದೂವರೆ. ಮಕ್ಕಳು ಇವಳು ಬರೆದುಕೊಟ್ಟ ಬೂಟಿನಲ್ಲೇ ಹೋಗಿದ್ದರೆ ಇನ್ನೊಂದು ಉಗುರು ಕಪ್ಪಾಗುತ್ತಿತ್ತು. ಕಾಗದದ ಮೇಲಿನ ಆ ಪಾದವನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಕಾಗದ ತಣ್ಣಗಿತ್ತು.

ಅಷ್ಟರಲ್ಲಿ ಬಂದವಳ ಫೋನು ಬಡಿದುಕೊಂಡಿತು. ಎತ್ತಿದ ಕೂಡಲೇ ಮಗುವಿನ ದನಿ ಮೇಜಿನ ಈಚೆಗೂ ಕೇಳುವಷ್ಟು ಜೋರಾಗಿ ಬಂತು: "ಬೂಟು ಸಿಕ್ತಾ?"

"ಬರೀತಿದಾರೆ ಪುಟ್ಟಾ," ಅಂದವಳು ಫೋನನ್ನು ಮೇಜಿನ ಆಚೆಗೆ ಚಾಚಿದಳು. "ಮಾತಾಡ್ತೀರಾ?"

ಹದಿನಾಲ್ಕು ತಿಂಗಳು ಇದೊಂದಕ್ಕೇ ಬಾಯಿ ಬಿಡುತ್ತಿದ್ದ ಹಿಮದಕ್ಕ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. "ಪುಟ್ಟೀ," ಅಂದಳು.

"ಯಾರು?"

ನಾಲಗೆಯ ತುದಿಗೆ ಆ ಒಂದು ಶಬ್ದ ಬಂದಿತ್ತು. ಆದರೆ ಅತ್ತ ಕಡೆ ಪಾತ್ರೆಯ ಸದ್ದಾಯಿತು, ಮಗು ಪಕ್ಕಕ್ಕೆ ತಿರುಗಿ, "ಅಜ್ಜೀ, ಸದ್ದು ಮಾಡ್ಬೇಡಿ, ನಂಗೆ ಕೇಳಿಸ್ತಿಲ್ಲ" ಅಂದದ್ದು ಸ್ಪಷ್ಟವಾಗಿ ಕೇಳಿತು. ಎಷ್ಟು ಸಲುಗೆಯಿತ್ತು ಆ ಮಾತಿನಲ್ಲಿ. ಊಟ ಬಿಟ್ಟು ಅಳುವ ಮಗುವಿನ ದನಿಯಲ್ಲ ಅದು. ಹೊಂದಿಕೆಯಾಗಿತ್ತು.

"ನಾನು ಬೂಟಿನವಳು, ಪುಟ್ಟಿ," ಅಂದಳು ಹಿಮದಕ್ಕ.

"ಕೆಂಪು ಇದೆಯಾ?"

"ಕೆಂಪೇ ಬರೀತೀನಿ."

"ಕಚ್ಚುತ್ತಾ?"

ಅದೇ ದನಿ. ಇಪ್ಪತ್ತೆಂಟು ವರ್ಷದ ಹಿಂದೆ ಹಿಮದಲ್ಲಿ ನಿಂತು ಅವಳ ಸೆರಗೆಳೆದು ಹೇಳುತ್ತಿದ್ದ ಅದೇ ದನಿ. ಮುಂದಿನ ಮೇಜಿನಲ್ಲಿ ಯಜಮಾನರು ಏನೂ ಕೇಳಿಸದವರಂತೆ ತಲೆ ತಗ್ಗಿಸಿದರು.

"ಕಚ್ಚಲ್ಲ ಕಂದಾ. ಅರ್ಧ ಬೆರಳು ಜಾಗ ಬಿಟ್ಟಿದೀನಿ."

"ಕಚ್ಚಿದ್ರೆ?"

"ಕಚ್ಚಿದ್ರೆ ಸುಮ್ನಿರ್ಬೇಡ. ಆಗ್ಲೇ ಹೇಳ್ಬಿಡು. ಅಜ್ಜಿ ಪಕ್ಕದಲ್ಲೇ ಇರ್ತಾರಲ್ಲ, ಅವರಿಗೆ ಹೇಳು. ಅವರು ಗದರಲ್ಲ."

"ಸರಿ," ಅಂದಿತು ಮಗು. ಫೋನು ಇಟ್ಟುಬಿಟ್ಟಿತು.

ಬಂದವಳು ಅಳುತ್ತಿದ್ದಳು. ಹಿಮದಕ್ಕ ಅವಳ ಮುಂದೆ ಅಳಲಿಲ್ಲ. ದೊಡ್ಡವಳಿಗೆ ಹದಿನೆಂಟು, ಕೆಂಪು ಎಂದು ತಿದ್ದಿದಳು. ಚಿಕ್ಕವನದನ್ನೂ ಅಳೆದು ತಿದ್ದಿದಳು. ಐದನೆಯ ಹಾಸಿಗೆಯ ಸಾಲಿಗೆ ಬಂದಾಗ, "ನಿಮ್ಮಮ್ಮನ ಹೆಸರು ಹೇಳು" ಅಂದಳು. ತನ್ನ ಹೆಸರಿನ ಮೇಲೆ ಗೆರೆ ಎಳೆದು, ಮೇಲ್ಗಡೆ ಆ ಹೆಸರನ್ನು ಬರೆದಳು. ಪಕ್ಕದ ಕಾಲಮ್ಮಿನಲ್ಲಿ ಅಜ್ಜಿ ಎಂದು ಮೊದಲೇ ದುಂಡಗೆ ಬರೆದಿತ್ತು. ಅದನ್ನು ತಿದ್ದಬೇಕಾಗಲಿಲ್ಲ.